ಹೊಸದು ಯಾವುದೆಂದು ಪೆಟ್ಟಿಗೆ ಕೇಳುತ್ತದೆ

ಹೊಸದು ಯಾವುದು, ಹಳೆಯದು ಯಾವುದು ಎಂಬುದು ಮನುಷ್ಯರಿಗೆ ನೋಡಿದರೆ ತಿಳಿಯುತ್ತದೆ. ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದು ಅಂಕಿ ನೋಡುತ್ತದೆ. ಈ ಇಬ್ಬರ ನಡುವೆ ಕೂತು ಸಂಬಳ ತೆಗೆದುಕೊಳ್ಳುವವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನನಗಂತೂ ಒಂದು ಮುಗಿಸಿ ಟೀ ಕುಡಿಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ.

ನಾನು ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಊರು ಆಲೂರು. ಕೆಲಸ ಸಕಲೇಶಪುರದಲ್ಲಿ, ಸಣ್ಣ ಕಾಫಿ ಬೆಳೆಗಾರರ ಒಂದು ಸಂಘದಲ್ಲಿ. ಕಾಫಿ ಒಣಗಿಸುವ ಕಣಗಳಲ್ಲಿ ಸಂಘದವರು ಒಂದೊಂದು ಪೆಟ್ಟಿಗೆ ನೇತುಹಾಕಿದ್ದಾರೆ. ಒಳಗೆ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್. ಹೊರಗೆ ಸಣ್ಣ ಪರದೆ, ಎರಡು ಗುಂಡಿ: ‘ಹೌದು’, ‘ಬೇಡ’. ಗಾಳಿಯಲ್ಲಿ ತೇವ ಏರಿದರೆ ಮಳೆಗೆ ಮುಂಚೆ ಅದು ಹಾರ್ನ್ ಹೊಡೆಯಬೇಕು, ಜನ ಓಡಿ ಬಂದು ಕಾಫಿಯ ಮೇಲೆ ಟಾರ್ಪಾಲ್ ಎಳೆಯಬೇಕು.

ಪೆಟ್ಟಿಗೆಯ ಪ್ರೋಗ್ರಾಮ್ ಬರೆಯುವವರು ಹಾಸನದ ಒಬ್ಬ ಲೆಕ್ಚರರ್. ಬಿಡುವಿನಲ್ಲಿ, ಪ್ರೀತಿಗೆ ಬರೆಯುತ್ತಾರೆ. ಅವರು ತಿದ್ದಿ ಕಳಿಸಿದ್ದನ್ನು ಪ್ಯಾಕೇಜ್ ಮಾಡಿ, ಅದಕ್ಕೊಂದು ವರ್ಷನ್ ನಂಬರ್ ಅಂಟಿಸಿ, ಆಫೀಸಿನ ಕಂಪ್ಯೂಟರಿನಲ್ಲಿ ಇಡುವುದು ನನ್ನ ಕೆಲಸ. ಅದಕ್ಕೆ ರೆಪಾಸಿಟರಿ ಎನ್ನುತ್ತಾರೆ. ಉಗ್ರಾಣ ಎಂದುಕೊಳ್ಳಿ. ಪೆಟ್ಟಿಗೆಗಳು ದಿನಕ್ಕೊಮ್ಮೆ ಉಗ್ರಾಣವನ್ನು ವಿಚಾರಿಸುತ್ತವೆ: ‘ನನ್ನ ಹತ್ತಿರ ಇರುವುದಕ್ಕಿಂತ ಹೊಸದು ಇದೆಯೇ?’ ಇದ್ದರೆ ತೆಗೆದುಕೊಳ್ಳುತ್ತವೆ. ಇಲ್ಲದಿದ್ದರೆ ಸುಮ್ಮನಾಗುತ್ತವೆ.

ಪೆಟ್ಟಿಗೆಗಳನ್ನು ಇಟ್ಟದ್ದು ಒಂದು ಹಂಗಾಮಿನ ಪ್ರಯೋಗಕ್ಕೆ. ಕೊಯ್ಲು ಮುಗಿದ ಮೇಲೆ ಬೆಳೆಗಾರರು ಸಭೆ ಸೇರಿ ಬೇಕೋ ಬೇಡವೋ ಎಂದು ಕೈಯೆತ್ತುವುದೆಂದು ಮೊದಲೇ ತೀರ್ಮಾನವಾಗಿತ್ತು. ಬೇಡವೆಂದರೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರ ಜೊತೆ ನಾನೂ. ಆಲೂರಿನಿಂದ ಹೋಗಿ ಬಂದು ಮಾಡುವಂಥ, ಓದಿಗೆ ಸರಿಯಾದ ಕೆಲಸ ಇನ್ನೊಂದು ಸಿಗುವ ಹಾಗಿರಲಿಲ್ಲ. ಆದ್ದರಿಂದ ಆ ಹಂಗಾಮಿನಲ್ಲಿ ನನಗೆ ನಗು ಬಂದದ್ದೆಲ್ಲ ಸ್ವಲ್ಪ ತಡವಾಗಿ.

ಒಂಬತ್ತಾದ ಮೇಲೆ

ಪೆಟ್ಟಿಗೆಗಳು ಕಣಕ್ಕೆ ಹೋದಾಗ ಅವುಗಳಲ್ಲಿದ್ದದ್ದು ವರ್ಷನ್ 1.9. ಲೆಕ್ಚರರ್ ಏನೋ ಸಣ್ಣದು ತಿದ್ದಿ 1.10 ಕಳಿಸಿದರು. ‘ಎಲ್ಲ ಪೆಟ್ಟಿಗೆಗಳೂ 1.9ರಿಂದ 1.10ಕ್ಕೆ ಏರಿವೆ’ ಎಂದು ನಾನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ.

ಸಂಘದ ಕಾರ್ಯದರ್ಶಿಗಳು ತೋಟದಿಂದ ನೇರ ಆಫೀಸಿಗೆ ಬಂದರು. ಅವರೂ ಬೆಳೆಗಾರರೇ. ನನ್ನನ್ನು ಕೆಲಸಕ್ಕೆ ಆರಿಸಿದವರು ಅವರು. ಕಾಲಿನ ಗಮ್‌ಬೂಟು ಬಿಚ್ಚಿರಲಿಲ್ಲ.

“ಏನಮ್ಮಾ ಇದು? ಒಂದು ಪಾಯಿಂಟ್ ಒಂಬತ್ತು ಇದ್ದದ್ನ ಒಂದು ಪಾಯಿಂಟ್ ಒಂದಕ್ಕೆ ಇಳ್ಸಿ, ಏರಿದೆ ಅಂತ ಹಾಕಿದ್ಯಲ್ಲ.”

“ಒಂದಲ್ಲ ಸರ್, ಹತ್ತು.”

“ಪಾಯಿಂಟ್ ಆದ್ಮೇಲೆ ಕೊನೇಲಿ ಬರೋ ಸೊನ್ನೆಗೆ ಬೆಲೆ ಇಲ್ಲ ಅಂತ ನಮ್ ಮೇಷ್ಟ್ರು ಗೆಣ್ಣಿಗೆ ಹೊಡ್ದು ಕಲ್ಸವ್ರೆ. ನೀನು ಬಿ.ಎಸ್ಸಿ. ಬೇರೆ.”

ಶಾಲೆಯ ಲೆಕ್ಕದಲ್ಲಿ ಅವರೇ ಸರಿ. ವರ್ಷನ್ನಿನ ಚುಕ್ಕೆ ದಶಾಂಶದ ಚುಕ್ಕೆಯಲ್ಲ ಎಂದು ಹೇಗೆ ಹೇಳುವುದು? ಯೋಚಿಸಿ ಕೇಳಿದೆ.

“ಸರ್, ನಿಮ್ಮ ತೋಟದ ಸರ್ವೆ ನಂಬರ್ ಎಷ್ಟು?”

“ನಲವತ್ತೆರಡು ಬೈ ಒಂಬತ್ತು.”

“ಪಕ್ಕದ್ದು?”

“ನಲವತ್ತೆರಡು ಬೈ ಹತ್ತು. ನನ್ ತಮ್ಮಂದು.”

“ಯಾವುದಕ್ಕೆ ಮೊದಲು ನಂಬರ್ ಬಿದ್ದದ್ದು?”

“ನಂದಕ್ಕೇ. ಆಮೇಲೆ ಅವ್ನು ಭಾಗ ತಗೊಂಡ...” ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. “ಪೋಡಿ ಮಾಡಿ ಪಾಲಿಗೊಂದು ನಂಬರ್ ಹಾಕಿರೋದು ಅಂತ ಮೊದ್ಲೇ ಅನ್ಬಾರ್ದೇನಮ್ಮ! ಅದ್ಯಾಕೆ ಇಂಗ್ಲಿಷಲ್ಲಿ ಏರಿದೆ ಇಳಿದಿದೆ ಅಂತೆಲ್ಲ ಬರಿತೀಯ?”

ನಾನು ಬರೆದದ್ದು ಕನ್ನಡದಲ್ಲೇ. ಅವರು ಸಮಾಧಾನವಾಗಿ ಟೀ ಕುಡಿದರು. ಗುಂಪಿನಲ್ಲಿ ಆಗಲೇ ಇಬ್ಬರು ಎತ್ತಿದ್ದ ಇದೇ ಪ್ರಶ್ನೆಗೆ ತಾವೇ ಧ್ವನಿ ಸಂದೇಶದಲ್ಲಿ ಉತ್ತರ ಕೊಟ್ಟರು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳಿದರು:

“ಅಲ್ಲಮ್ಮ, ಪ್ರತಿ ಸಲ ಪೋಡಿ ಮಾಡೋಕೆ ಇಲ್ಲೂ ಸರ್ವೇಯರ್ ಬರೋವರ್ಗೂ ಕಾಯ್ಬೇಕಾ?”

ಮೂವತ್ತನೇ ತಾರೀಕಿನವರು

ಈ ಗೊಂದಲ ಲೆಕ್ಚರರ್ ಕಿವಿಗೂ ಬಿತ್ತು. ಸೂಕ್ಷ್ಮ ಮನುಷ್ಯ. “ನಂಬರ್ ಸಹವಾಸವೇ ಬೇಡ, ಇನ್ನು ಮೇಲೆ ತಾರೀಕನ್ನೇ ಹಾಕೋಣ. ತಾರೀಕು ಯಾರಿಗೆ ಅರ್ಥ ಆಗಲ್ಲ?” ಎಂದರು. ನವೆಂಬರ್ ಇಪ್ಪತ್ತೆಂಟಕ್ಕೆ ಬರೆದದ್ದಕ್ಕೆ 28.11 ಎಂದು ಹೆಸರಿಟ್ಟರು. ಇಂಟರ್ನೆಟ್ ಇದ್ದ ಪೆಟ್ಟಿಗೆಗಳೆಲ್ಲ ಮರ್ಯಾದೆಯಿಂದ ತೆಗೆದುಕೊಂಡವು.

ಆಮೇಲೆ ವನಗೂರಿನಿಂದ ಫೋನ್ ಬಂತು. ಅಲ್ಲಿನ ಎಸ್ಟೇಟ್ ಒಂದರ ರೈಟರ್, ಎಂದರೆ ಆಳುಗಳ ಕೆಲಸ ನೋಡಿಕೊಳ್ಳುವವರು.

“ಮೇಡಂ, ನಿಮ್ ಪೆಟ್ಗೆ ಬೆಳಗಾಗೋ ಮುಂಚೆ ಬಾಯಿ ಬಡ್ಕೊಳ್ತೈತೆ ಕಣ್ರೀ. ಲೈನ್ ಮನೆ ಆಳುಗಳೆಲ್ಲ ಎದ್ದು ಬಿದ್ದು ಓಡ್ ಬಂದ್ರೆ ಮಳೆನೂ ಇಲ್ಲ, ಗಿಳೆನೂ ಇಲ್ಲ. ಮಂಜು! ಕಾಫಿಗೆ ಹಿಂದಿನ ಸಂಜೆನೇ ಟಾರ್ಪಾಲ್ ಹಾಕೈತೆ. ಇನ್ನೇನ್ ಮುಚ್ಚಾದು, ನಮ್ ತಲೇನಾ?”

ತಪ್ಪು ಸ್ಪಷ್ಟವಿತ್ತು. ತೇವ ಏರಿದ್ದೆಲ್ಲ ಮಳೆಯೆಂದು 28.11 ನಂಬುತ್ತಿತ್ತು. ಲೆಕ್ಚರರ್ ಡಿಸೆಂಬರ್ ಐದಕ್ಕೆ ತಿದ್ದಿ ಕೊಟ್ಟರು. ಹೆಸರು 05.12. ಉಗ್ರಾಣಕ್ಕೆ ಹಾಕಿದೆ. ಮರುದಿನ ರೈಟರ್ ಮತ್ತೆ ಫೋನ್: “ಇವತ್ತೂ ಕೂಗ್ತು.”

ನೋಡಿದರೆ ಒಂದು ಪೆಟ್ಟಿಗೆಯೂ ಹೊಸದನ್ನು ಮುಟ್ಟಿರಲಿಲ್ಲ. ನಾವು ದಿನ ಮೊದಲು ಬರೆದು ತಿಂಗಳನ್ನು ಆಮೇಲೆ ಬರೆಯುವವರು. ಪೆಟ್ಟಿಗೆ ಎಡದಿಂದ ಓದಿಕೊಂಡು ಬಂದು ಮೊದಲ ಅಂಕಿಯಲ್ಲೇ ತೀರ್ಮಾನಿಸಿತ್ತು: ಇಪ್ಪತ್ತೆಂಟು ದೊಡ್ಡದು, ಐದು ಚಿಕ್ಕದು, ಆದ್ದರಿಂದ ಐದು ಹಳೆಯದು.

ಲೆಕ್ಚರರಿಗೆ ಹೇಳಿದೆ. “ಹಾಗಾದರೆ ಇಪ್ಪತ್ತೊಂಬತ್ತನೇ ತಾರೀಕಿನವರೆಗೆ ಕಾಯೋಣವೇ?” ಎಂದರು. ರೈಟರ್ ದಿನಾ ಫೋನ್ ಮಾಡುತ್ತಾರೆ ಎಂದೆ. “ಬೇಡ, ಬೇರೆ ಏನಾದರೂ ಮಾಡೋಣ” ಎಂದು ಅವರೇ ಹೇಳಿದರು.

ಬೇರೆ ಏನಾದರೂ ಆಗುವವರೆಗೆ ರೈಟರನ್ನು ಸಮಾಧಾನ ಮಾಡಬೇಕಿತ್ತು. ಅವರು ಒಂದು ಮಾತು ಸಂಘದಲ್ಲಿ ಹೇಳಿದರೆ ವನಗೂರಿನ ಕಡೆಯ ಕೈಗಳೆಲ್ಲ ಸಭೆಯಲ್ಲಿ ಕೆಳಗೇ ಉಳಿಯುತ್ತಿದ್ದವು. ಇದ್ದದ್ದು ಇದ್ದ ಹಾಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ತಾರೀಕು ದೊಡ್ಡದಾದಷ್ಟೂ ಆಮೇಲೆ ಹುಟ್ಟಿದ್ದು ಅಂತಾನಾ ಅದರ ಲೆಕ್ಕ?”

“ಹೌದು.”

“ತಡೀರಿ ಮತ್ತೆ. ನಾನು ಹುಟ್ಟಿದ್ದು ಮೂವತ್ತನೇ ತಾರೀಕು. ನನ್ ಮಗ ಎರಡನೇ ತಾರೀಕು. ಹಂಗಾದ್ರೆ ಅವ್ನು ನನ್ನ ಅಪ್ಪ.” ತಾವೇ ಸೇರಿಸಿದರು: “ಪೆಟ್ಗೇದೇನೂ ತಪ್ಪಿಲ್ಲ ಬುಡಿ. ಪಿಯುಸಿ ಸೇರ್ದಾಗ್ನಿಂದ ಅವ್ನು ಆಡಾದೂ ಹಂಗೇ ಐತೆ.”

ದೂರು ಹೇಳಲಿಲ್ಲ. ಹಾರ್ನಿಗೆ ಒಂದು ಗೋಣಿಚೀಲ ಸುತ್ತಿ, ಮಳೆ ಬಂದರೆ ತಾವೇ ಕೂಗುವುದಾಗಿ ಲೈನಿನವರಿಗೆ ಹೇಳಿ, ಅಷ್ಟು ದಿನ ತಳ್ಳಿದರು. ಇದು ನನಗೆ ತಿಳಿದದ್ದು ಅವರಿಂದಲ್ಲ, ಆಮೇಲೆ ಆ ಕಡೆ ಹೋದಾಗ ಗೋಣಿಚೀಲ ಬಿಚ್ಚಿದವಳು ನಾನೇ ಆದ್ದರಿಂದ.

ಕಾರ್ಯದರ್ಶಿಗಳ ಚಿಕ್ಕಪ್ಪ

ಲೆಕ್ಚರರ್ ತಾರೀಕು ಬಿಟ್ಟು ಮತ್ತೆ ನಂಬರಿಗೆ ಬಂದರು: 1.11. ಈಗ ಪೆಟ್ಟಿಗೆಗೆ ಇಪ್ಪತ್ತೆಂಟರ ಮುಂದೆ ಒಂದು ಎಂಬುದು ಇನ್ನೂ ಹಳೆಯದಾಗಿ ಕಂಡಿತು. ಲಿನಕ್ಸಿನಲ್ಲಿ ಇದಕ್ಕೆ ಮದ್ದಿದೆ. ವರ್ಷನ್ನಿನ ಮುಂದೆ ಒಂದು ಅಂಕಿ, ಒಂದು ಕೋಲನ್ ಹಾಕಿದರೆ ಆಯಿತು: 1:1.11. ಮುಂದಿನ ಆ ಅಂಕಿ ಇರುವುದು ಇಲ್ಲದ್ದಕ್ಕಿಂತ ಯಾವಾಗಲೂ ಹೊಸದು. ಕೋಲನ್ ಆದ ಮೇಲಿನ ಅಂಕಿ ಎಷ್ಟೇ ಚಿಕ್ಕದಿರಲಿ.

ಹಾಕುವ ಮುಂಚೆ ಕಾರ್ಯದರ್ಶಿಗಳಿಗೆ ಹೇಳಿದೆ. ಈ ಸಲ ಅವರಿಗೆ ಸರ್ವೆ ನಂಬರ್ ಬೇಕಾಗಲಿಲ್ಲ.

“ನಮ್ ಮನೇಲಿ ಒಬ್ಬ ಚಿಕ್ಕಪ್ಪ ಅವ್ನೆ. ನಂಗಿಂತ ಹನ್ನೆರಡು ವರ್ಷ ಚಿಕ್ಕೋನು. ನಾನೇ ಎತ್ಕೊಂಡು ಓಡಾಡ್ಸಿರೋನು. ಆದ್ರೆ ಮದುವೆ ಮನೇಲಿ ಮೊದಲ ಎಲೆ ಅವನಿಗೆ, ನನ್ ಮಗಳ ಧಾರೆಲಿ ಮುಂದೆ ನಿಂತೋನೂ ಅವನೇ. ಹಬ್ಬದ ದಿನ ಈ ಮಂಡಿನೋವು ಇಟ್ಕೊಂಡು ಅವನ ಕಾಲಿಗೆ ಬೀಳ್ತೀನಿ. ವಯಸ್ಸು ಯಾರ್ ಕೇಳ್ತಾರಮ್ಮ? ಚಿಕ್ಕಪ್ಪ ಅಂದ್ರೆ ಚಿಕ್ಕಪ್ಪ.”

“ಅದೇ ಸರ್.”

“ಹಾಕು ಹಂಗಾದ್ರೆ.”

“ಒಂದು ವಿಷಯ. ಒಮ್ಮೆ ಹಾಕಿದರೆ ಮತ್ತೆ ತೆಗೆಯೋಕೆ ಆಗಲ್ಲ. ಇನ್ನು ಮುಂದೆ ಎಷ್ಟು ವರ್ಷನ್ ಬಂದರೂ ಮುಂದೆ ಆ ಒಂದು ಇರಲೇಬೇಕು.”

ಕಾರ್ಯದರ್ಶಿಗಳು ನಿಟ್ಟುಸಿರು ಬಿಟ್ಟರು.

“ನಮ್ದೂ ಹಂಗೇ. ಮೂರು ಸಲ ಭಾಗ ಕೊಟ್ಟು ಕಳ್ಸಿದ್ದೀವಿ, ಮೊದಲ ಎಲೆಗೆ ಬಂದು ಕೂತೇ ಇರ್ತಾನೆ.”

ಇನ್ನೂ ಅಳಿಯ ಆಗದವನು

1:1.11 ಎಲ್ಲ ಕಡೆ ಹೋಯಿತು, ಹೆಗ್ಗದ್ದೆಯೊಂದನ್ನು ಬಿಟ್ಟು. ಘಟ್ಟದಂಚಿನ ಆ ಊರಲ್ಲಿ ಫೋನಿನಲ್ಲಿ ಮಾತಾಡಬಹುದು, ಇಂಟರ್ನೆಟ್ ಸಿಗುವುದಿಲ್ಲ. ಅಲ್ಲಿಗೆ ಅಪ್‌ಡೇಟ್ ಪೆನ್‌ಡ್ರೈವಿನಲ್ಲಿ ಹೋಗಬೇಕು. ಒಯ್ಯುವವರು ಸಂಘದ ಬಾಡಿಗೆ ಜೀಪಿನ ಭಾಯ್. ಆ ಸಲ ನಾನೂ ಜೊತೆಗೆ ಹೊರಟೆ.

ದಾರಿಯಲ್ಲಿ ಭಾಯ್ ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪ್ ಕಡೆ ನೋಡಿ ಕೇಳಿದರು, “ಮೇಡಂ, ಅದೇನು ಆ ನಂಬರ್ ಪಕ್ಕ ಹಾವಿನ ಮರಿ ಥರ?”

ಅದು ಲೆಕ್ಚರರ್ ಪರೀಕ್ಷೆಗೆಂದು ಕಳಿಸಿದ್ದ ಹಳೆಯ ಪ್ರತಿ, 1.11~1. ಆ ಅಂಕುಡೊಂಕು ಗೆರೆ ಇದ್ದರೆ ಅದು 1.11ಕ್ಕಿಂತ ಮುಂಚಿನದು, ಇನ್ನೂ ಪೂರ್ತಿಯಾಗಿಲ್ಲ, ನೋಡಲಿಕ್ಕೆ ಮಾತ್ರ ಎಂದು ಅರ್ಥ. ಹಾಗೆಂದು ಹೇಳಿದೆ.

“ನಮ್ಮ ಅಳಿಯನ ಥರ,” ಎಂದರು ಭಾಯ್. “ಮಾತು ಆಗೈತೆ, ನಿಕಾ ಆಗಿಲ್ಲ. ಮನೆಗೆ ಬರ್ತಾನೆ, ಕೂರ್ತಾನೆ, ಕೋಳಿ ಸಾರು ಹಾಕುಸ್ಕೋತಾನೆ. ಆದ್ರೆ ಅಳಿಯ ಅನ್ನೋಂಗಿಲ್ಲ. ಹೆಸರಿನ ಪಕ್ಕ ಹಾವಿನ ಮರಿ.”

ಸ್ಟಿಯರಿಂಗ್ ತಿರುಗಿಸಿ ಕಡಿದಾದ ತಿರುವು ದಾಟಿಸಿದರು.

“ನಿಮ್ಮಲ್ಲಿ ಈ ಟೆಸ್ಟಿಂಗ್ ಎಷ್ಟು ದಿನ ಇರುತ್ತೆ ಮೇಡಂ?”

“ತಪ್ಪೆಲ್ಲ ಗೊತ್ತಾಗುವವರೆಗೆ.”

“ಹಂಗೆ ಮಾಡಂಗಿದ್ರೆ ನಮ್ಮೂರಲ್ಲಿ ಒಬ್ರಿಗೂ ಮದ್ವೆ ಆಗ್ತಿರ್ಲಿಲ್ಲ.”

ಅಕ್ಕನ ಉಪಚಾರ

ಹೆಗ್ಗದ್ದೆಯ ಕಣ ಒಬ್ಬ ಅಕ್ಕನದು. ಅವರ ತೋಟ ಸಣ್ಣದು, ಆಳುಗಳು ಕಡಿಮೆ. ನಾನು 1:1.11 ಹಾಕಿದೆ. ನವೆಂಬರಿನಲ್ಲಿ ಕಳಿಸಿದ್ದು ಅಲ್ಲಿಗೆ ತಲುಪಿಯೇ ಇರಲಿಲ್ಲ. ಅಕ್ಕ ನಮಗೆ ಕಡುಬು ಬಡಿಸಿದರು. ಸಾಕು ಎಂದೆ. ಎರಡು ಹಾಕಿದರು. ನಿಜವಾಗಿ ಸಾಕು ಎಂದೆ. ಇನ್ನೆರಡು ಬಿದ್ದವು.

ಜನವರಿಯಲ್ಲಿ ಒಂದು ದಿನ ಭಾಯ್ ಜೀಪು ತೊಳೆಯುವಾಗ ಸೀಟಿನ ಸಂದಿಯಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. ಮೇಲೆ ‘ಹೆಗ್ಗದ್ದೆ’ ಎಂದು ನನ್ನದೇ ಅಕ್ಷರ. ನವೆಂಬರಿನಲ್ಲಿ ನಾನು ಕಳಿಸಿದ್ದ 28.11, ಮಂಜಿಗೆ ಕೂಗುವ ಆ ಹಳೆಯ ವರ್ಷನ್. ಭಾಯ್ ಪ್ರಾಮಾಣಿಕರು. ಒಪ್ಪಿಸಿದ ವಸ್ತು ಮುಟ್ಟಿಸದೆ ಇರುವವರಲ್ಲ. ನನಗೆ ಹೇಳದೆ ಅಷ್ಟು ದೂರ ಹೋಗಿ ಪೆಟ್ಟಿಗೆಗೆ ಚುಚ್ಚಿದರು.

ಪೆಟ್ಟಿಗೆ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಪರದೆಯ ಮೇಲೆ ಬರೆಯಿತು: ‘ಇದು ಹಳೆಯದು. ಬೇಡ. ಆದರೂ ಹಾಕಬೇಕೆ?’ ಇಂಗ್ಲಿಷಿನಲ್ಲಿದ್ದರೆ ಯಾರಿಗೂ ತಿಳಿಯುವುದಿಲ್ಲವೆಂದು ಕನ್ನಡ ಮಾಡಿದ್ದೆ.

ಅಕ್ಕ ಓದಿದರು. ‘ಹೌದು’ ಒತ್ತಿದರು.

ಅಕಸ್ಮಾತ್ ಒಂದು ಬೆರಳು ತಾಗಿ ಅನಾಹುತವಾಗಬಾರದೆಂದು ಲೆಕ್ಚರರ್ ಅದನ್ನು ಮೂರು ಸಲ ಕೇಳುವ ಹಾಗೆ ಬರೆದಿದ್ದರು. ಅಷ್ಟು ಹೊತ್ತಿಗೆ ಯಾರಾದರೂ ಯೋಚಿಸಿ ಕೈ ತೆಗೆಯುತ್ತಾರೆಂದು ಅವರ ಲೆಕ್ಕ. ಅಕ್ಕ ಮೂರು ಸಲವೂ ‘ಹೌದು’ ಒತ್ತಿದರು.

ಆಮೇಲೆ ನಾನು ಕೇಳಿದಾಗ ಅವರಿಗೇ ಆಶ್ಚರ್ಯ.

“ಬೇಡ ಅಂತ ಎಲ್ರೂ ಅಂತಾರೆ ಕಣಮ್ಮ. ಮೊದಲನೇ ಸಲಕ್ಕೇ ಬಿಟ್ಬುಟ್ರೆ ಏನಂದ್ಕೊಳಲ್ಲ? ಪಾಪ, ಭಾಯ್ ಅಷ್ಟು ದೂರದಿಂದ ತಂದವ್ರೆ. ಮೂರು ಸಲ ಬಲವಂತ ಮಾಡ್ದೆ, ಆಮೇಲೆ ತಗೊಂತು.”

ಮೂರು ಸಲದ ಉಪಾಯ ಯೋಚಿಸುವಾಗ ಲೆಕ್ಚರರ್ ಯಾರ ಮನೆಯಲ್ಲಿ ಊಟ ಮಾಡಿದ್ದರೋ ಗೊತ್ತಿಲ್ಲ. ಈ ಕಡೆ ಅಂತೂ ಅಲ್ಲ.

ಸಭೆ, ಮತ್ತು ಆಮೇಲೆ

ಹಳೆಯದು ಒಳಗೆ ಹೋಗಿದೆ ಎಂಬುದು ನನಗೆ ತಿಳಿಯುವ ಮುಂಚೆ ಮಳೆ ಬಂತು. ಕಾಲವಲ್ಲದ ಕಾಲದ ಮಳೆ. ಮಧ್ಯಾಹ್ನ ಕಣದ ತುಂಬ ಕಾಫಿ ಹರಡಿತ್ತಂತೆ. ಕಣಿವೆಯಿಂದ ಮಂಜು ಎದ್ದಿತು. 28.11 ತನ್ನ ಸ್ವಭಾವದಂತೆ ಅರಚಿತು. ಊಟಕ್ಕೆ ಕೂತಿದ್ದವರು ಬೈದುಕೊಂಡು ಎದ್ದು ಬಂದು ಟಾರ್ಪಾಲ್ ಎಳೆದರು. ಮತ್ತೆ ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಮಳೆ ಹೊಯ್ಯಿತು. ಅಕ್ಕನ ವರ್ಷದ ಕಾಫಿ ಉಳಿಯಿತು. ಸರಿಯಾದ ವರ್ಷನ್ ಇದ್ದಿದ್ದರೆ? ಲೆಕ್ಚರರ್ ಲೆಕ್ಕ ಹಾಕಿ ಹೇಳಿದರು: ಅದೂ ಕೂಗುತ್ತಿತ್ತು. ಪೂರ್ತಿ ಖಾತ್ರಿ ಮಾಡಿಕೊಂಡು, ಮೊದಲ ಹನಿ ಬಿದ್ದ ಮೇಲೆ.

ನಾನು ಎಲ್ಲವೂ ಕ್ರಮದಲ್ಲಿರಬೇಕು ಎನ್ನುವವಳು. ಹೋಗಿ ಹಳೆಯದು ತೆಗೆದು 1:1.11 ಹಾಕಿ ಬಂದೆ. ಅಕ್ಕ ಕಡುಬನ್ನು ಒಂದೇ ಸಲ ಹಾಕಿದರು. ಅದನ್ನು ನಾನು ಗಮನಿಸಬೇಕಿತ್ತು.

ಕೊಯ್ಲು ಮುಗಿದು ಸಭೆ ಸೇರಿತು. ಕಾರ್ಯದರ್ಶಿಗಳು ಎದ್ದು ನಿಂತರು. “ಪೆಟ್ಟಿಗೆ ಮುಂದಿನ ವರ್ಷಕ್ಕೂ ಬೇಕು ಅನ್ನೋರು ಕೈ ಎತ್ತಿ.”

ಅಲ್ಲೊಂದು ಇಲ್ಲೊಂದು ಕೈ. ಮುಂದಿನ ಸಾಲಿನಲ್ಲಿ ಒಬ್ಬರು ಎತ್ತಿದರು, ಆಮೇಲೆ ತಲೆ ಕೆರೆದುಕೊಂಡರು. ಎದ್ದ ಕೈಗಳನ್ನು ಎಣಿಸಿದೆ, ಸಾಲುತ್ತಿರಲಿಲ್ಲ.

ಹಿಂದಿನಿಂದ ಹೆಗ್ಗದ್ದೆಯ ಅಕ್ಕ ಎದ್ದರು. “ಯಾವ ಪೆಟ್ಗೆ? ಹಳೇದೋ ಹೊಸದೋ? ಅದ್ ಹೇಳಿ ಮೊದ್ಲು, ಆಮೇಲೆ ಕೈ ಎತ್ತನ.”

ಮುಂದಿನ ಸಾಲಿನವರು ತಿರುಗಿ, “ಹೊಸದೇ ಕಣಕ್ಕ, ಹಳೇದು ಮಂಜಿಗೆಲ್ಲ ಸುಳ್ಳು ಕೂಗ್ತಿತ್ತು,” ಎಂದರು.

“ಕೂಗ್ಲಿ! ಸುಳ್ಳು ಕೂಗಿದ್ರೂ ಮುಂಚೆ ಕೂಗ್ತಿತ್ತು. ಇದು ನಿಜ ಹೇಳುತ್ತೆ, ನೆಂದ್ಮೇಲೆ. ನೆಂದ್ಮೇಲೆ ಹೇಳಾಕೆ ಪೆಟ್ಗೆ ಯಾಕೆ, ನಂಗೇ ಗೊತ್ತಾಗಲ್ವ?”

ವನಗೂರಿನ ರೈಟರ್ ಎದ್ದು ನಿಂತರು. ನಾನು ಕಣ್ಣು ಮುಚ್ಚಿಕೊಂಡೆ.

“ಅಕ್ಕ ಹೇಳಾದು ಸರಿ. ಹಳೇದು ಇದ್ದಾಗ ಲೈನಿನೋರೆಲ್ಲ ಬೆಳಿಗ್ಗೆ ಮುಂಚೆ ಎದ್ದು ಕೆಲ್ಸಕ್ಕೆ ರೆಡಿ ಇರೋರು. ನೀವು ರಿಪೇರಿ ಮಾಡಿದ್ಮೇಲೆ ಒಬ್ರೂ ಟೈಮಿಗೆ ಏಳಲ್ಲ ಕಣ್ರೀ.”

ಅಲ್ಲಿಂದ ಹೊತ್ತಿಕೊಂಡಿತು. ಹಳೆಯದರ ಕಡೆಯವರು, ಹೊಸದರ ಕಡೆಯವರು. ಯಾರೋ 1.9 ಇದ್ದಾಗಲೇ ಚೆನ್ನಾಗಿತ್ತು ಎಂದರು. ಅವರ ಕಣದಲ್ಲಿ ಪೆಟ್ಟಿಗೆಯೇ ಇರಲಿಲ್ಲ. ನಾನು ಏನೋ ವಿವರಿಸಲು ಎದ್ದೆ. ಕಾರ್ಯದರ್ಶಿಗಳು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು:

“ಕೂತ್ಕೊಳಮ್ಮ. ಬೇಡ ಅನ್ನೋ ಮಾತೇ ಎದ್ದೋಯ್ತು. ಈಗ ಯಾವ್ದು ಬೇಕು ಅನ್ನೋದಷ್ಟೇ ಜಗಳ.”

ಹಾಗೆ ಪೆಟ್ಟಿಗೆ ಉಳಿಯಿತು, ನಾನೂ ಉಳಿದೆ. ಇವತ್ತಿಗೂ ಯೋಚಿಸುತ್ತೇನೆ. ನಾವು ಕೊಟ್ಟ ತೊಂದರೆಗೆ ಅವರು ಬೈಯಬಹುದಿತ್ತು. ಬೈಯಲಿಲ್ಲ. ಅದರಲ್ಲೇ ಏನೋ ಒಂದು ಉಪಯೋಗ ಹುಡುಕಿಕೊಂಡು, ಅದಕ್ಕಾಗಿ ನಮ್ಮ ಪರವಾಗಿ ಜಗಳವಾಡಿದರು. ಇಂಥವರ ಕೈಯಲ್ಲಿ ಕೆಲಸ ಕಲಿಯುವುದು ಎಲ್ಲರಿಗೂ ಸಿಗುವುದಿಲ್ಲ.

ಹಳೆಯದು ಬೇಕೆಂದವರಿಗೆ ಹಳೆಯದನ್ನೇ ಕೊಡುವುದೆಂದು ಆಯಿತು. ಆದರೆ ಪೆಟ್ಟಿಗೆಗಳು ಹಳೆಯದನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲವಲ್ಲ. ಇದಕ್ಕೂ ಲಿನಕ್ಸಿನವರು ಒಂದು ದಾರಿ ಮಾಡಿದ್ದಾರೆ. ಹಳೆಯ ಪ್ರೋಗ್ರಾಮಿಗೆ ಮುಂದಿನ ನಂಬರ್ ಹಾಕಿ, ಬಾಲದಲ್ಲಿ ‘ನಿಜವಾಗಿ ಇಂಥದ್ದು’ ಎಂದು ಸೇರಿಸಿಬಿಡುವುದು. ನಾವೂ ಹಾಗೇ ಮಾಡಿದೆವು: ಹೊರಗೆ 1:1.12, ಬಾಲದಲ್ಲಿ ‘ನಿಜವಾಗಿ 28.11’. ಭಾಯ್ ಹೆಗ್ಗದ್ದೆಗೆ ಒಯ್ದರು.

ಮಧ್ಯಾಹ್ನ ಅಕ್ಕನ ಫೋನ್ ಬಂತು. ಸಿಟ್ಟಿನಲ್ಲಿದ್ದರು.

“ಏನಮ್ಮ, ಅಷ್ಟು ಜನರ ಮುಂದೆ ಹಳೇದು ಕೊಡ್ತೀವಿ ಅಂದ್ರಿ. ಈಗ ನೋಡಿದ್ರೆ ಪೆಟ್ಗೆ ‘ಹೊಸದು ಬಂದಿದೆ, ಹಾಕಬೇಕೆ’ ಅಂತ ಕೇಳ್ತೈತೆ. ನಾನು ಬೇಡ ಅಂತ ಒತ್ತಿದೀನಿ. ಭಾಯ್‌ನೂ ವಾಪಸ್ ಕಳ್ಸಿದೀನಿ.”

“ಅಕ್ಕಾ, ಆ ಹೊಸದೇ ಹಳೇದು.”

“ಹಂಗಂದ್ರೆ?”

“ಒಳಗೆ ನಿಮ್ಮ ಹಳೇದೇ ಇದೆ. ಹಳೇದು ಅಂತ ಹೇಳಿದರೆ ಪೆಟ್ಟಿಗೆ ಸುಲಭಕ್ಕೆ ಬಿಟ್ಟುಕೊಳ್ಳಲ್ಲ. ಅದಕ್ಕೇ ಹೊಸದು ಅಂತ ಸುಳ್ಳು ಹೆಸರು ಇಟ್ಟು ಕಳಿಸಿದ್ದೀವಿ.”

“ಯಾರಿಗೆ ಸುಳ್ಳು? ನಂಗಾ?”

“ನಿಮಗಲ್ಲ ಅಕ್ಕಾ, ಪೆಟ್ಟಿಗೆಗೆ.”

ಅಕ್ಕನ ದನಿ ಪಿಸುಗುಟ್ಟುವಷ್ಟು ತಗ್ಗಿತು.

“ಮೆಲ್ಲಗೆ ಹೇಳಬಾರ್ದೇನಮ್ಮ. ಅದು ಇಲ್ಲೇ, ನನ್ ಪಕ್ಕದಲ್ಲೇ ನೇತಾಡ್ತೈತೆ.”